ದೊಡ್ಡ ತುದಿ

ನಳಿಗೆಯ ತುದಿ ಮೂಗಿನ ಹೊಳ್ಳೆಗೆ ಸರಿಯಾಗಿ ಕೂರಲೇ ಇಲ್ಲ. ಗಾಳಿ ಸೋರಿ ಪರದೆಯ ಮೇಲಿನ ಗೆರೆ ನಡುಗಿತು. “ಮಷೀನೇ ಕೆಟ್ಟಿರ್ಬೇಕು,” ಎಂದು ಟೆಕ್ನಿಷಿಯನ್ ಗೊಣಗಿದಳು. ಅಧ್ಯಯನಕ್ಕೆಂದು ಆರೋಗ್ಯವಂತರ ಮೂಗಿನ ಒಳದಾರಿ ಎಷ್ಟು ಅಗಲವೆಂದು ಅಳೆಯುವ ಆ ಕೋಣೆಯಲ್ಲಿ, ಬಂದವರ ಎತ್ತರ ನೋಡಿಯೇ ತುದಿ ಆರಿಸುವುದು ಅವಳ ರೂಢಿ. ಕಾಲು ನೆಲಕ್ಕೆ ಎಟುಕದೆ ಕುರ್ಚಿಯಲ್ಲಿ ಕೂತಿದ್ದ, ಮನೆಯವರೆಲ್ಲ ಗುಬ್ಬಿ ಎಂದೇ ಕರೆಯುವ ಯುವತಿಗೆ ಮಕ್ಕಳ ತುದಿ ಬಂದಿತ್ತು.

“ಆಗ್ಲೇ ಅಣ್ಣಂಗೆ ಹಾಕಿದ್ರಲ್ಲ, ಅದನ್ನೇ ಹಾಕಿ ನೋಡಿ,” ಎಂದಳು ಗುಬ್ಬಿ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಅಣ್ಣ ಪಕ್ಕದಲ್ಲೇ ನಕ್ಕ. “ಗೇಣುದ್ದ ಇದ್ದೀಯ, ನಿಂಗ್ಯಾಕೇ ಆನೆ ಸೊಂಡಿಲು?”

ದೊಡ್ಡ ತುದಿ ಬಿಗಿಯಾಗಿ ಕೂತಿತು. ಅಗಲ ತೋರಿಸುವ ಗೆರೆ ಪರದೆಯಲ್ಲಿ ಉಳಿದಿದ್ದ ಅಣ್ಣನ ಗೆರೆಯ ಮೇಲೆಯೇ ಹಾದು, ಕೊನೆಗೆ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿತು. ಟೆಕ್ನಿಷಿಯನ್ ಮೂಗಿನ ಮೇಲೆ ಬೆರಳಿಟ್ಟಳು. “ಆಳು ನೋಡಿ ಮೂಗು ಅಳೀತಿದ್ದೆ. ತಪ್ಪು ನಂದೇ ಕಣಮ್ಮ.”

ಗುಬ್ಬಿ ಚೀಲದಿಂದ ಅಗ್ನಿಶಾಮಕ ದಳದ ಅರ್ಜಿ ಹೊರತೆಗೆದಳು. ಕುಳ್ಳಿಯೆಂದು ತಳ್ಳಿಹಾಕುತ್ತಾರೇನೋ ಎಂಬ ಅಳುಕಿನಲ್ಲಿ ಒಂದು ತಿಂಗಳಿಂದ ಮಡಿಸಿಟ್ಟಿದ್ದ ಅದರಲ್ಲಿ ಎತ್ತರದ ಕಾಲಂ ಒಂದೇ ಖಾಲಿಯಿತ್ತು. ಅಣ್ಣ ತಾನಾಗಿಯೇ ಪೆನ್ ಚಾಚಿದ. “ಎರಡಿಂಚು ಸೇರಿಸಿ ಬರಿ.”

“ಇರೋದನ್ನೇ ಬರೀತೀನಿ,” ಎಂದು ಗುಬ್ಬಿ ದಪ್ಪ ಅಕ್ಷರದಲ್ಲಿ ಬರೆದಳು.