ಏಳನೆಯ ಪೀಪಾಯಿ

ಕರಾವಳಿಯ ಸೆಖೆ ಹೋಗಿ ಚಳಿ ನೆಲೆನಿಂತು ಕುಮಟೆಯ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆಯತೊಡಗಿದ ಮೇಲೆ, ಹಣ್ಣಾಗುವ ತಿಂಗಳಲ್ಲಿ ತೋಟದೊಳಗೆ ಯಾರೂ ಬಾಯಿ ಬಿಡುವುದಿಲ್ಲ. ಕೇಳಿದ್ದನ್ನೆಲ್ಲ ಹಣ್ಣು ಹೀರಿಕೊಂಡು, ವೈನಾದ ಮೇಲೆ ಕುಡಿದವರ ಕಿವಿಯಲ್ಲಿ ಹೇಳಿಬಿಡುತ್ತದೆ. ಅದಕ್ಕೇ ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೈಸನ್ನೆಯಲ್ಲೇ ಕೆಲಸ ಮಾಡುತ್ತಾರೆ. ಕೊಳ್ಳುವವರಿಗೆ ಬೇಕಾದದ್ದು ಚಿರೆಕಲ್ಲಿನ ನೆಲದ ರುಚಿ, ಕಡಲಗಾಳಿಯ ಉಪ್ಪು, ಕೂಲಿಯವರ ಗೋಳಲ್ಲ. ಮನುಷ್ಯರ ದನಿ ಕೇಳಿಸಿದರೆ ಇಡೀ ಪೀಪಾಯಿಯನ್ನು ಚರಂಡಿಗೆ ಚೆಲ್ಲಿ, ಮಾತಾಡಿದವರನ್ನು ಕೆಲಸದಿಂದ ಬಿಡಿಸುತ್ತಾರೆ.

ರುಚಿ ನೋಡುವ ವಿಠ್ಠಲ ಶಾನಭಾಗರು ಏಳನೆಯ ಪೀಪಾಯಿಗೆ ಬಂದಾಗ ಕೂಲಿ ಹೆಂಗಸರ ಜೊತೆ ನಿಂತಿದ್ದ ತುಳಸು ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡಳು. ಅದು ಕಡಲಂಚಿನ ಸಾಲಿನ ಹಣ್ಣಿನದು. ಕಳೆದ ವರ್ಷ ಗಂಡನ ದೋಣಿ ಮಂಜಿನಲ್ಲಿ ಕಾಣೆಯಾದ ದಿನ ಅವಳು ಅಲ್ಲೇ ನಿಂತು, ಬಾಯಿಬಟ್ಟೆ ಕಿತ್ತೆಸೆದು, ಅದುವರೆಗೆ ಒಮ್ಮೆಯೂ ಹೇಳದ ಅವನ ಹೆಸರನ್ನು ಕೂಗಿದ್ದಳು. ಅಲೆಯ ಸದ್ದು ಬಿಟ್ಟು ಬೇರೇನೂ ಅವಳಿಗೆ ಕೇಳಿಸಿರಲಿಲ್ಲ. ಕೂಗಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಶಾನಭಾಗರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಜಟ್ಟು ಅಂದ್ರೆ ಯಾರೇ?"

ತುಳಸು ತಲೆ ತಗ್ಗಿಸಿದಳು. "ನಮ್ಮನೆಯವ್ರು ಒಡೆಯಾ. ಕೂಗಿದ್ದು ನಾನೇ. ತಪ್ಪಾಯ್ತು."

"ನಿನ್ ದನಿ ಗೊತ್ತಾಯ್ತು." ಶಾನಭಾಗರು ಲೋಟವನ್ನು ಕೆಳಗಿಡಲಿಲ್ಲ. "ಮೂರು ಸಲ ಕೂಗಿದ್ದೀಯೆ. ಮೂರು ಸಲನೂ ದೂರದಿಂದ 'ಓ... ಬಂದೆ' ಅಂತ ಓಗೊಟ್ಟದ್ದು ಯಾರು?"

ಪಕ್ಕದಲ್ಲಿದ್ದ ಆಳು ಚೆಲ್ಲಲೆಂದು ಪೀಪಾಯಿಯ ಬಿರಡೆಗೆ ಕೈ ಹಾಕಿದ.

"ಚೆಲ್ಬೇಡಿ ಒಡೆಯಾ," ಎಂದು ತುಳಸು ಪೀಪಾಯಿಗೆ ಅಡ್ಡ ನಿಂತಳು.