ಮೂರನೆಯ ಕಂಬ

ಗಾಯಕರು ವಚನದ ಎರಡನೆಯ ಸಾಲು ಎತ್ತಿಕೊಂಡಾಗ ಶಿವಕಾಂತಾ ಹೆಂಗಸರ ಜಮಖಾನದ ಅಂಚಿನ ತನ್ನ ಯಾವತ್ತಿನ ಜಾಗದಿಂದ ಎದ್ದು, ನಡುವಿನ ದಾರಿ ದಾಟಿ, ಗಂಡಸರ ಕಡೆಯ ಮೂರನೆಯ ಕಂಬದ ಬಳಿ ನಿಂತಳು. ಮಠದ ಸಂಗೀತಕ್ಕೆ ಬಂದವರು ಯಾರೂ ಹಾಗೆ ದಾಟುವುದಿಲ್ಲ.

“ಅಕ್ಕಾರ, ಹೆಣ್ಮಕ್ಕಳ ಜಾಗಾ ಆ ಕಡಿ ಅದರಿ,” ಎಂದರು ಅಲ್ಲಿ ಕೂತಿದ್ದ ಹಿರಿಯರೊಬ್ಬರು.

“ಗೊತ್ತದರಿ. ಇದು ನಮ್ಮನಿಯವರು ಕೂಡೂ ಜಾಗಾ. ಅವರು ಹೋಗಿ ವರ್ಷ ಆತು. ಈ ಹಾಡು ಮುಗಿಯೂತನ ಕೂಡ್ತೇನಿ.”

ಹಿರಿಯರು ಸರಿದು ಕೂತು ಜಾಗ ಬಿಟ್ಟರು.

ಇಪ್ಪತ್ತಾರು ವರ್ಷ ಗಂಡ ಹೆಂಡತಿ ಇಬ್ಬರೂ ಜೇವರ್ಗಿಯಿಂದ ಒಂದೇ ಬಸ್ಸಿನಲ್ಲಿ ಬಂದು, ಇಲ್ಲಿ ಬೇರೆ ಬೇರೆ ಕೂತು ಹಾಡು ಕೇಳಿದವರು. ಹಾಡಿನ ಒಳ್ಳೆಯ ತಿರುವಿನಲ್ಲಿ ಅವಳು ಈ ಕಡೆ ನೋಡಿದರೆ, ಕಲ್ಲಿನಾಥ ಮೊಣಕಾಲ ಮೇಲಿನ ಕೈಯನ್ನು ತುಸು ಎತ್ತಿ ಆಗಲೇ ಅವಳನ್ನೇ ನೋಡುತ್ತಿರುತ್ತಿದ್ದ. ಇವತ್ತು ಮೂರು ಸಲ ಅವಳ ಕಣ್ಣು ಕಂಬದವರೆಗೆ ಹೋಗಿ ಸುಮ್ಮನೆ ಮರಳಿತ್ತು.

“ಮುಂದ ಜಾಗಾ ಇದ್ರೂ ಅಷ್ಟು ಹಿಂದ ಯಾಕ ಕೂಡ್ತೀರಿ?” ಎಂದು ಅವಳು ಪ್ರತಿ ವರ್ಷ ಗೊಣಗುತ್ತಿದ್ದಳು.

“ಅಲ್ಲಿಂದ ಛಂದ ಕಾಣ್ತದ,” ಎಂದಷ್ಟೇ ಅವನು ಹೇಳುತ್ತಿದ್ದ.

ಅವಳು ಕಂಬಕ್ಕೆ ಬೆನ್ನು ಕೊಟ್ಟು ಕೂತು ವೇದಿಕೆಯ ಕಡೆ ನೋಡಿದಳು. ಮುಂದಿನ ಕಂಬ ಗಾಯಕರನ್ನು ಪೂರ್ತಿ ಮರೆಮಾಡಿತ್ತು, ತಂಬೂರಿಯ ತುದಿಯೂ ಕಾಣಲಿಲ್ಲ. ಕತ್ತು ಚಾಚಿದಳು, ಪಕ್ಕಕ್ಕೆ ವಾಲಿದಳು. ಅಲ್ಲಿಂದ ಅಡ್ಡಿಯಿಲ್ಲದೆ ಕಾಣುತ್ತಿದ್ದದ್ದು, ಆಗಷ್ಟೇ ಅವಳು ಬಿಟ್ಟು ಬಂದ ಜಾಗ ಒಂದೇ.