ಓಕ್ ಮರದಡಿಯ ಗಂಡುಜಿಂಕೆ

"ಕಾಣಿಸ್ತಾ?" ಎಂದು ಮಾವ ಮೂರನೆಯ ಸಲ ಕೇಳಿದಾಗ ಲಾರ್ಸ್‌ಗೆ ಇಲ್ಲವೆನ್ನಲು ನಾಚಿಕೆಯಾಯಿತು. "ಹ್ಞೂಂ ಮಾವ, ಕಾಣಿಸ್ತು" ಎಂದುಬಿಟ್ಟ. ದುರ್ಬೀನಿನಲ್ಲಿ ಅವನಿಗೆ ಕಂಡದ್ದು ಕಲ್ಲು, ಕಳ್ಳಿ, ಒಣಹುಲ್ಲು, ಅದರಾಚೆ ಮತ್ತೆ ಕಲ್ಲು.

ಪಾಪ, ಅವನದೇನೂ ತಪ್ಪಿಲ್ಲ. ವಿಸ್ಕಾನ್ಸಿನ್‌ನ ದಟ್ಟ ಕಾಡಿನಲ್ಲಿ ಬೇಟೆ ಕಲಿತವನು. ಅಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಕೂತರೆ ಜಿಂಕೆ ತಾನಾಗಿ ಕಾಲಡಿಗೆ ಬರುತ್ತದೆ. ಅರಿಜೋನಾದ ಈ ಬೋಳುಗುಡ್ಡಗಳಲ್ಲಿ ಜಿಂಕೆಗೆ ಕಲ್ಲಿನದೇ ಬಣ್ಣ. ದುರ್ಬೀನನ್ನು ಮೂರುಗಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಬೆಳಗಿನಿಂದ ಒಂದೇ ಬಂಡೆಯ ಮೇಲೆ ಕೂತು, ಎದುರು ಗುಡ್ಡದಲ್ಲಿ ಎಲ್ಲಾದರೂ ಒಂದು ಕಿವಿ ಅಲುಗಿತೇ ಎಂದು ನೋಡುತ್ತಿರಬೇಕು. ಇದಕ್ಕೂ ಇಲ್ಲಿಯವರು ಬೇಟೆ ಎನ್ನುತ್ತಾರೆ.

ಮಾವ ಎಲೀಸಿಯೋ ಕಣ್ಣಿಗೆ ಹೆಸರಾದವರು. ಅವರು ಬೆರಳು ತೋರಿದಲ್ಲಿ ಜಿಂಕೆ ಇರದಿದ್ದರೆ ಅದು ಜಿಂಕೆಯದೇ ತಪ್ಪು ಎನ್ನುವಷ್ಟು ಹೆಸರು. ಆ ಮನೆಯಲ್ಲಿ ಕ್ರಿಸ್ಮಸ್ಸಿಗೆ ತಮಾಲೆ ಎಂಬ ಜೋಳದ ಕಡುಬು ಬೇಯಿಸುವಾಗ ಒಳಗೆ ತುಂಬಲು ಜಿಂಕೆಯ ಮಾಂಸವೇ ಆಗಬೇಕು. ಬೇಟೆಯ ಪರವಾನಗಿಗೆ ಮನೆಮಂದಿಯೆಲ್ಲ ಅರ್ಜಿ ಹಾಕಿದ್ದರೂ ಚೀಟಿ ಎತ್ತಿದಾಗ ಬಂದದ್ದು ಹೊಸ ಅಳಿಯನ ಹೆಸರೊಂದೇ. ಹೆಂಡತಿಯ ತಮ್ಮ ರಾಮೀರೋ ಬೆಳಿಗ್ಗೆಯೇ ಚುಚ್ಚಿದ್ದ, ಭಾವ ಬರಿಗೈಲಿ ಬಂದರೆ ಈ ವರ್ಷ ನಮಗೆಲ್ಲ ಬರೀ ಕಾಳೇ ಗತಿ ಎಂದು. ಹೆಂಡತಿ ಮರಿಸೋಲ್ ಮಾತ್ರ ನಕ್ಕಿರಲಿಲ್ಲ. ಅಪ್ಪ ತೋರಿಸುತ್ತಾರೆ, ನೀನು ಹೊಡೆದರೆ ಸಾಕು ಎಂದು ಧೈರ್ಯ ತುಂಬಿ ಕಳಿಸಿದ್ದಳು.

"ಬಿಳಿ ಬಂಡೆ ಇದೆಯಲ್ಲ, ಅದರ ಕೆಳಗಡೆ ಓಕ್ ಮರ. ನೆರಳಲ್ಲಿ ಮಲಗಿದಾನೆ ನೋಡು, ಕೊಂಬು ಎಡಕ್ಕೆ" ಎಂದು ಮಾವ ತಮ್ಮ ದುರ್ಬೀನಿನಿಂದ ಕಣ್ಣು ಕೀಳದೆ ಹೇಳುತ್ತಿದ್ದರು. ಎದ್ದು ನಿಂತ ಕೂಡಲೇ ಹೊಡೆಯಬೇಕೆಂಬುದು ಅವರ ಅಪ್ಪಣೆ. ಅದು ಏಳದೇ ಇರಲಪ್ಪ ಎಂಬುದು ಅಳಿಯನ ಪ್ರಾರ್ಥನೆ. ಈಗ ಮೆಲುಕು ಹಾಕುತ್ತಿದೆಯಂತೆ, ಈಗ ತಲೆ ತಿರುಗಿಸಿತಂತೆ. ಎಲ್ಲದಕ್ಕೂ ಲಾರ್ಸ್ ಹ್ಞೂಂಗುಟ್ಟಿದ. ಒಮ್ಮೆ ಹುರುಪು ಹೆಚ್ಚಾಗಿ, ಕಿವಿ ಅಲ್ಲಾಡಿಸಿತಲ್ವಾ ಮಾವ ಎಂದು ತನ್ನದೂ ಒಂದು ಸೇರಿಸಿದ. ಮಾವ ದುರ್ಬೀನನ್ನು ತುಸು ತಿರುಗಿಸಿ, ಹೌದು, ಎಡಗಿವಿ ಎಂದರು. ತನ್ನ ಸುಳ್ಳಿಗೂ ಒಂದು ಸಾಕ್ಷಿ ಸಿಕ್ಕಿತಲ್ಲ ಎಂದು ಲಾರ್ಸ್‌ಗೆ ಹಾಯೆನಿಸಿತು.

ಬಿಸಿಲು ಓರೆಯಾಗುತ್ತಿದ್ದಂತೆ ಕೆಳಗೆ ಕಲ್ಲು ಜಾರಿದ ಸದ್ದಾಯಿತು. ಲಾರ್ಸ್ ಕಣ್ಣೆತ್ತಿದ. ಕೂಗಳತೆಯೂ ಅಲ್ಲ, ಮಾತಿನಳತೆಯಲ್ಲೇ ಒಂದು ಗಂಡುಜಿಂಕೆ ನಿಂತಿತ್ತು. ದುರ್ಬೀನು ಬೇಡ, ಮಾವನ ಬೆರಳೂ ಬೇಡ. ಬಂದೂಕು ತೊಡೆಯ ಮೇಲೇ ಇತ್ತು. ಉಸಿರು ಬಿಗಿಹಿಡಿದು ಅವನು ಮಾವನತ್ತ ತಿರುಗಿದ.

ಮಾವನೂ ತಲೆಯೆತ್ತಿದ್ದರು. ನೇರ ಜಿಂಕೆಯ ಕಡೆಗೇ ಮುಖ ಮಾಡಿದ್ದರು. ಓರೆ ಬಿಸಿಲಿನಲ್ಲಿ ಅವರ ಎರಡೂ ಕಣ್ಣುಗುಡ್ಡೆಗಳ ಮೇಲೆ ಹಾಲಿನ ಕೆನೆಯಂಥ ಪೊರೆ ಲಾರ್ಸ್‌ಗೆ ಮೊದಲ ಬಾರಿಗೆ ಕಂಡಿತು. ಎದುರಿಗಿದ್ದ ಜಿಂಕೆಯನ್ನು ಬಿಟ್ಟು ಅವರು ಮತ್ತೆ ದುರ್ಬೀನಿಗೆ ಕಣ್ಣು ಹಚ್ಚಿದರು.

"ನಮ್ಮವನು ಎದ್ದ, ಮಗಾ. ಇನ್ನು ನಿನ್ನ ಕೈಲಿದೆ" ಎಂದು ಪಿಸುಗುಟ್ಟಿದರು.

ಲಾರ್ಸ್ ಜಿಂಕೆಯತ್ತ ನೋಡಿದ, ಮಾವನತ್ತ ನೋಡಿದ. ಇದನ್ನು ಹೊಡೆದರೆ ರಾಮೀರೋ ಸುಮ್ಮನಿರುವವನಲ್ಲ. ಎಲ್ಲಿ ಹೊಡೆದೆ, ಮೊದಲು ಕಂಡದ್ದು ಯಾರಿಗೆ, ಇಷ್ಟು ಹತ್ತಿರ ಬಂದದ್ದು ಅಪ್ಪನಿಗೆ ಕಾಣಲಿಲ್ಲವೇ ಎಂದು ಕೆದಕಿ ಕೇಳುತ್ತಾನೆ. ಮುದುಕರು ಬದುಕಿಡೀ ಗಳಿಸಿದ ಹೆಸರು ಒಂದು ಗುಂಡಿಗೆ ಹೋಗುತ್ತದೆ. ಈ ಮನುಷ್ಯನ ಮೇಲೆ ತನಗೆ ಇಷ್ಟು ಪ್ರೀತಿಯಿದೆಯೆಂದು ಲಾರ್ಸ್‌ಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಬಂದೂಕು ಎತ್ತಲಿಲ್ಲ. ಜಿಂಕೆ ಕಳ್ಳಿಗಳ ನಡುವೆ ನಿಧಾನವಾಗಿ ನಡೆದು ದಿಣ್ಣೆ ದಾಟಿ ಹೋಯಿತು.

ಗುಡ್ಡದ ಬುಡದಲ್ಲಿ ಡೇರೆ ಹಾಕಿಕೊಂಡು ಕಾದಿದ್ದ ಮಗಳು ಮತ್ತು ಮಗನಿಗೆ ಮಾವ ತಾವೇ ವರದಿ ಒಪ್ಪಿಸಿದರು. ಇಡೀ ದಿನ ತೋರಿಸಿದೆ, ಕೊನೆಗೆ ಎದ್ದೂ ನಿಂತಿತು, ಈ ಹುಡುಗನಿಗೆ ಕಣ್ಣೇ ಇಲ್ಲ ಎಂದರು. ರಾಮೀರೋ ಹೊಟ್ಟೆ ಹಿಡಿದುಕೊಂಡು ನಕ್ಕು, ಅಜ್ಜಿಯ ಹಳೆಯ ಕನ್ನಡಕ ತಂದುಕೊಡಲಾ ಭಾವ ಎಂದ. ಮರಿಸೋಲ್ ಗಂಡನ ಮುಖ ನೋಡದೆ ರೊಟ್ಟಿ ಕಾಯಿಸಿದಳು. ಲಾರ್ಸ್ ಎಲ್ಲವನ್ನೂ ನುಂಗಿಕೊಂಡ. ಒಳಗೊಳಗೇ ತಾನೊಬ್ಬ ಮಹಾತ್ಯಾಗಿ ಎನಿಸಿ ಕಣ್ಣು ತೇವವಾಗಿತ್ತು.

ಅಕ್ಕ ತಮ್ಮ ಸೌದೆ ತರಲು ಅತ್ತ ಹೋದಾಗ ಮಾವ ಪಕ್ಕಕ್ಕೆ ಸರಿದು ಕೂತರು.

"ನಮ್ಮ ಕೆಳಗಡೆನೇ ಹೋಯ್ತಲ್ಲ, ಅದರ ಕೊಂಬು ದೊಡ್ಡದಿತ್ತಾ?"

ಲಾರ್ಸ್‌ನ ಬಾಯಲ್ಲಿದ್ದ ಕಾಫಿ ನೆತ್ತಿಗೇರಿತು. "ನಿಮಗೆ ಗೊತ್ತಿತ್ತಾ ಮಾವ?"

"ಕಣ್ಣು ಹೋಗಿರೋದು ಮಗಾ, ಕಿವಿಯಲ್ಲ. ಗೊರಸಿನ ಸದ್ದೂ ಕೇಳ್ತು, ನೀನು ಉಸಿರು ಹಿಡಿದದ್ದೂ ಕೇಳ್ತು. ಈಗ ಹೊಡೀತಾನೆ, ಈಗ ಹೊಡೀತಾನೆ ಅಂತ ಕಾಯ್ತಾ ಕೂತಿದ್ದೆ."

"ಹೊಡೆದಿದ್ರೆ... ಇವರಿಗೆಲ್ಲ ನಿಮ್ಮ ಕಣ್ಣಿನ ವಿಷಯ ತಿಳಿದುಹೋಗ್ತಿತ್ತಲ್ಲ" ಎಂದು ಲಾರ್ಸ್ ತಡವರಿಸಿದ.

ಮಾವ ಅವನ ಬೆನ್ನ ಮೇಲೊಂದು ಗುದ್ದಿದರು.

"ಹೊಡೆದಿದ್ರೆ, ನಾನೇ ತೋರಿಸ್ದೆ ಅಂತ ಹೇಳ್ಕೋತಿದ್ನಲ್ಲೋ, ಪೆದ್ದ."